ಬಾಂಬು ಕರಗಿ ಬಲ್ಬು ಬೆಳಗಿದ ಕಥೆ

2013ರ ಡಿಸೆಂಬರ್ 10. ಅಮೆರಿಕದ ಪೂರ್ವ ಕರಾವಳಿಯ ಬಾಲ್ಟಿಮೋರ್ ಬಂದರಿಗೆ 'ಅಟ್ಲಾಂಟಿಕ್ ನ್ಯಾವಿಗೇಟರ್' ಎಂಬ ಸರಕು ಹಡಗು ಬಂದು ಸೇರಿತು. ಸುಮಾರು ನಾಲ್ಕು ವಾರಗಳ ಹಿಂದೆ ಅದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಬಂದರನ್ನು ಬಿಟ್ಟಿತ್ತು. ಅದು ಹೊತ್ತು ತಂದದ್ದು ಉಕ್ಕಿನ ದಪ್ಪ ಸಿಲಿಂಡರುಗಳನ್ನು. ಒಳಗಿದ್ದದ್ದು ಅಣುವಿದ್ಯುತ್ ಸ್ಥಾವರಗಳಿಗೆ ಬೇಕಾದ ಯುರೇನಿಯಂ. ಆದರೆ ಆ ಯುರೇನಿಯಂ ಗಣಿಯಿಂದ ನೇರವಾಗಿ ಬಂದದ್ದಲ್ಲ. ಒಂದು ಕಾಲಕ್ಕೆ ಅದು ಸೋವಿಯತ್ ಅಣುಬಾಂಬುಗಳ ಹೊಟ್ಟೆಯಲ್ಲಿತ್ತು. ಯಾವ ದೇಶದ ಮೇಲೆ ಬೀಳಲೆಂದು ಅದನ್ನು ತಯಾರಿಸಲಾಗಿತ್ತೋ ಅದೇ ದೇಶದ ಮನೆಗಳಲ್ಲಿ ದೀಪ ಉರಿಸಲು ಅದು ಬಂದಿಳಿದಿತ್ತು.

ಇಪ್ಪತ್ತು ವರ್ಷ ನಡೆದ ಒಂದು ಯೋಜನೆಯ ಕೊನೆಯ ಕಂತು ಅದು. 'ಮೆಗಾಟನ್‌ನಿಂದ ಮೆಗಾವಾಟ್‌ಗೆ' ಎಂಬುದು ಅದರ ಜನಪ್ರಿಯ ಹೆಸರು. ಬಾಂಬಿನ ಶಕ್ತಿಯನ್ನು ಅಳೆಯುವುದು ಮೆಗಾಟನ್‌ನಲ್ಲಿ, ವಿದ್ಯುತ್ ಸ್ಥಾವರದ ಶಕ್ತಿಯನ್ನು ಅಳೆಯುವುದು ಮೆಗಾವಾಟ್‌ನಲ್ಲಿ. ಸುಮಾರು 20 ಸಾವಿರ ಸಿಡಿತಲೆಗಳಿಗೆ ಸಾಕಾಗುವಷ್ಟು, ಅಂದರೆ 500 ಟನ್ ಬಾಂಬು ದರ್ಜೆಯ ಯುರೇನಿಯಂ ಈ ಯೋಜನೆಯಲ್ಲಿ ಇಂಧನವಾಗಿ ಬದಲಾಯಿತು. ಅಣ್ವಸ್ತ್ರಗಳ ಇತಿಹಾಸದಲ್ಲಿ ಇಷ್ಟು ದೊಡ್ಡ ಪ್ರಮಾಣದ ಕೆಲಸ ಇಷ್ಟು ಸದ್ದಿಲ್ಲದೆ ನಡೆದದ್ದು ಇನ್ನೊಂದಿಲ್ಲ.

ಒಂದೇ ಲೋಹ, ಎರಡು ದಾರಿ

ಬಾಂಬಿನ ಯುರೇನಿಯಂ ಬೇರೆ, ವಿದ್ಯುತ್ತಿನ ಯುರೇನಿಯಂ ಬೇರೆಯೇ? ಲೋಹ ಒಂದೇ. ಭೇದವಿರುವುದು ಅದರೊಳಗಿನ ಎರಡು ಐಸೋಟೋಪುಗಳ ಪ್ರಮಾಣದಲ್ಲಿ. ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಶೇಕಡಾ 99.3 ಭಾಗ ಯುರೇನಿಯಂ-238. ಸುಲಭವಾಗಿ ವಿದಳನಗೊಂಡು ಶಕ್ತಿ ಕೊಡುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. ಸಾಧಾರಣ ನೀರನ್ನು ಬಳಸುವ ರಿಯಾಕ್ಟರುಗಳಿಗೆ ಈ 235ರ ಪ್ರಮಾಣವನ್ನು ಶೇಕಡಾ 3ರಿಂದ 5ಕ್ಕೆ ಏರಿಸಬೇಕಾಗುತ್ತದೆ. ಬಾಂಬಿಗೆ ಅದು ಶೇಕಡಾ 90ರ ಆಸುಪಾಸಿಗೆ ಹೋಗಬೇಕು. ಹೀಗೆ ಏರಿಸುವ ಕೆಲಸಕ್ಕೆ ಪುಷ್ಟೀಕರಣ ಎಂದು ಹೆಸರು.

ಎರಡು ಐಸೋಟೋಪುಗಳೂ ರಾಸಾಯನಿಕವಾಗಿ ಒಂದೇ ರೀತಿ ವರ್ತಿಸುವುದರಿಂದ ಆಮ್ಲ, ಕ್ಷಾರಗಳಿಂದ ಅವನ್ನು ಬೇರ್ಪಡಿಸಲಾಗದು. ತೂಕದಲ್ಲಿ ಇರುವ ಅಲ್ಪ ವ್ಯತ್ಯಾಸವೇ ಗತಿ. ಯುರೇನಿಯಂ ಅನ್ನು ಹೆಕ್ಸಾಫ್ಲೋರೈಡ್ ಎಂಬ ಅನಿಲವಾಗಿ ಮಾಡಿ, ಅತಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ತಿರುಗಿಸುತ್ತಾರೆ. ಭಾರವಾದ 238 ಹೊರ ಅಂಚಿಗೆ ಸರಿಯುತ್ತದೆ, ಹಗುರಾದ 235 ನಡುವೆ ಉಳಿಯುತ್ತದೆ. ಒಂದು ಯಂತ್ರದಲ್ಲಿ ಆಗುವ ಬೇರ್ಪಡೆ ತೀರ ಕಡಿಮೆ. ಆದ್ದರಿಂದ ಸಾವಿರಾರು ಯಂತ್ರಗಳನ್ನು ಸಾಲಾಗಿ ಜೋಡಿಸಿ ತಿಂಗಳುಗಟ್ಟಲೆ ನಡೆಸಬೇಕು.

ಇಲ್ಲಿ ಆಲೆಮನೆಯನ್ನು ನೆನಪಿಗೆ ತಂದುಕೊಂಡರೆ ವಿಷಯ ಸುಲಭವಾಗುತ್ತದೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ ಬೆಲ್ಲ ಮಾಡಲು ಸೌದೆ ಬೇಕು, ಹೊತ್ತು ಬೇಕು, ಕೈಗುಣ ಬೇಕು. ಅದೇ ಬೆಲ್ಲವನ್ನು ನೀರಿಗೆ ಹಾಕಿ ಪಾನಕ ಮಾಡಲು ಎಷ್ಟು ಹೊತ್ತು? ಬಾಂಬಿನ ಯುರೇನಿಯಂ ಬೆಲ್ಲವಿದ್ದಂತೆ. ಅದಕ್ಕೆ ತೆಳು ಯುರೇನಿಯಂ ಬೆರೆಸಿದರೆ ಅದು ರಿಯಾಕ್ಟರಿನ ಇಂಧನವೆಂಬ ಪಾನಕವಾಗುತ್ತದೆ. ಆ ಪಾನಕದಿಂದ ಬಾಂಬು ತಯಾರಾಗದು. ಮತ್ತೆ ಬೆಲ್ಲ ಬೇಕೆಂದರೆ ಮತ್ತೆ ಆಲೆಮನೆ ಹೂಡಬೇಕು. ಆ ಪಾನಕವನ್ನು ಕುಡಿದೇ ಬಿಟ್ಟರೆ, ಅಂದರೆ ರಿಯಾಕ್ಟರಿನಲ್ಲಿ ಉರಿಸಿಬಿಟ್ಟರೆ, ಮರಳಿ ಬೆಲ್ಲ ಮಾಡುವ ಮಾತೇ ಇಲ್ಲ.

ಈ ಸರಳ ಸತ್ಯವೇ ಇಡೀ ಯೋಜನೆಯ ತಳಹದಿ.

ಕಾವಲಿಲ್ಲದ ಉಗ್ರಾಣ

1980ರ ದಶಕದ ಮಧ್ಯಭಾಗದಲ್ಲಿ ಜಗತ್ತಿನಲ್ಲಿ ಸುಮಾರು 70 ಸಾವಿರ ಅಣ್ವಸ್ತ್ರಗಳಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೋವಿಯತ್ ಒಕ್ಕೂಟದವು. 1991ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಸಾವಿರಾರು ಅಸ್ತ್ರಗಳನ್ನು ಸೇವೆಯಿಂದ ಹಿಂದೆಗೆಯುವುದಾಗಿ ಸಾರಿದರು. ಜಗತ್ತು ನಿಟ್ಟುಸಿರು ಬಿಟ್ಟಿತು. ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿದಿತ್ತು. ಬಾಂಬನ್ನು ಬಿಚ್ಚಿದ ಮೇಲೆ ಅದರೊಳಗಿನ ಯುರೇನಿಯಂ ಏನಾಗಬೇಕು?

ಆ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ರಷ್ಯದ ಜೊತೆಗೆ ಯುಕ್ರೇನ್, ಕಜಾಕ್‌ಸ್ತಾನ, ಬೆಲಾರಸ್ ಈ ಮೂರು ಹೊಸ ದೇಶಗಳ ನೆಲದಲ್ಲಿಯೂ ಅಣ್ವಸ್ತ್ರಗಳು ಉಳಿದವು. ರೂಬಲ್ಲಿನ ಬೆಲೆ ಕುಸಿಯಿತು. ಬಾಂಬು ತಯಾರಿಸುವುದಕ್ಕೆಂದೇ ಕಟ್ಟಿದ್ದ, ಭೂಪಟದಲ್ಲಿಯೂ ತೋರಿಸದೆ ಮುಚ್ಚಿಟ್ಟಿದ್ದ ಊರುಗಳಲ್ಲಿ ವಿಜ್ಞಾನಿಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದಂತಾಯಿತು. ಅಂಥ ಒಂದು ಊರಾದ ಸ್ನೆಝಿನ್ಸ್ಕ್‌ನ ಅಣ್ವಸ್ತ್ರ ಸಂಶೋಧನಾ ಕೇಂದ್ರದ ನಿರ್ದೇಶಕ ವ್ಲಾದಿಮಿರ್ ನೆಚಾಯ್ ತಮ್ಮ ಸಿಬ್ಬಂದಿಗೆ ಸಂಬಳ ಕೊಡಲಾಗದ ಸಂಕಟದ ನಡುವೆ 1996ರಲ್ಲಿ ಪ್ರಾಣ ಕಳೆದುಕೊಂಡರು. ದೇಶದ ಅತ್ಯಂತ ಅಪಾಯಕಾರಿ ವಸ್ತುವನ್ನು ಕಾಯುವ ಜನರ ಸ್ಥಿತಿ ಅಷ್ಟು ಹದಗೆಟ್ಟಿತ್ತು.

ಹಸಿದ ಹೊಟ್ಟೆಯ ಕಾವಲುಗಾರನ ಕೈಯಲ್ಲಿ ಉಗ್ರಾಣದ ಬೀಗದಕೈ ಇದ್ದರೆ ಏನಾದೀತು? ಬೇಲಿಯೇ ಎದ್ದು ಹೊಲ ಮೇಯುವ ಭಯ ಬರೀ ಊಹೆಯಾಗಿರಲಿಲ್ಲ. ಮಾಸ್ಕೋ ಬಳಿಯ ಪೊದೊಲ್ಸ್ಕ್‌ನ ಒಂದು ಸಂಸ್ಥೆಯ ನೌಕರನೊಬ್ಬ ದಿನಕ್ಕಿಷ್ಟೆಂದು ಕದ್ದು ಕೂಡಿಸಿದ್ದ ಸುಮಾರು ಒಂದೂವರೆ ಕಿಲೋ ಬಾಂಬು ದರ್ಜೆಯ ಯುರೇನಿಯಂನೊಂದಿಗೆ 1992ರಲ್ಲಿ ಸಿಕ್ಕಿಬಿದ್ದ. 1994ರ ಡಿಸೆಂಬರಿನಲ್ಲಿ ಝೆಕ್ ದೇಶದ ಪ್ರಾಗ್ ನಗರದಲ್ಲಿ ಪೊಲೀಸರಿಗೆ 2.7 ಕಿಲೋ ಸಿಕ್ಕಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕದಂತೆ ಒಂದು ಬಾಂಬಿಗೆ ಸುಮಾರು 25 ಕಿಲೋ ಸಾಕು. ಯುರೇನಿಯಂ ಸೀಸಕ್ಕಿಂತ ಬಹಳ ಸಾಂದ್ರವಾದ ಲೋಹ. 25 ಕಿಲೋ ಎಂದರೆ ಗಾತ್ರದಲ್ಲಿ ಒಂದೂವರೆ ಲೀಟರಿನ ಪಾತ್ರೆಯೂ ತುಂಬದು! ಅಷ್ಟನ್ನು ಒಂದು ಕೈಚೀಲದಲ್ಲಿ ಸಾಗಿಸಬಹುದು. ರಷ್ಯದಲ್ಲಿ ಇದ್ದದ್ದು ನೂರಾರು ಟನ್.

ಒಬ್ಬ ಭೌತವಿಜ್ಞಾನಿಯ ಲೆಕ್ಕಾಚಾರ

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಥಾಮಸ್ ನೆಫ್ ಓದಿದ್ದು ಭೌತವಿಜ್ಞಾನ. ಆದರೆ ಅವರು ಜಗತ್ತಿನ ಯುರೇನಿಯಂ ಮಾರುಕಟ್ಟೆಯನ್ನೂ ಬಲ್ಲವರಾಗಿದ್ದರು. ಯಾವ ದೇಶ ಎಷ್ಟು ಕೊಳ್ಳುತ್ತದೆ, ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಬಾಂಬಿನ ಸಮಸ್ಯೆಯನ್ನು ಅವರು ವ್ಯಾಪಾರಿಯ ಕಣ್ಣಿನಿಂದ ನೋಡಿದರು. ರಷ್ಯದ ಬಳಿ ಬೇಡವಾದ ಯುರೇನಿಯಂ ಇದೆ, ಹಣವಿಲ್ಲ. ಅಮೆರಿಕದ ಬಳಿ ಹಣವಿದೆ, ನೂರಕ್ಕೂ ಹೆಚ್ಚು ಅಣುವಿದ್ಯುತ್ ಸ್ಥಾವರಗಳಿಗೆ ಪ್ರತಿವರ್ಷ ಇಂಧನ ಬೇಕು. ಹಾಗಿದ್ದರೆ ಕೊಡುಕೊಳ್ಳುವಿಕೆ ಏಕಾಗಬಾರದು?

1991ರ ಅಕ್ಟೋಬರ್ 24ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಸಿಡಿತಲೆಯ ಯುರೇನಿಯಂ ಅನ್ನು ತೆಳುವಾಗಿಸಿ ಅಮೆರಿಕ ಕೊಳ್ಳಬೇಕು ಎಂಬುದು ಅದರ ಸಾರ. ಅದೇ ತಿಂಗಳು ವಾಷಿಂಗ್ಟನ್ನಿನಲ್ಲಿ ನಡೆದ ಒಂದು ಸಭೆಗೆ ಸೋವಿಯತ್ ಅಣ್ವಸ್ತ್ರ ವಿಭಾಗದ ಹಿರಿಯ ಅಧಿಕಾರಿ ವಿಕ್ಟರ್ ಮಿಖಾಯ್ಲೋವ್ ಬಂದಿದ್ದರು. ನೆಫ್ ಅವರೊಡನೆ ಮಾತನಾಡಿ ತಮ್ಮ ಆಲೋಚನೆಯನ್ನು ಮುಂದಿಟ್ಟಿದ್ದರು. ಮುಂದೆ ಮಿಖಾಯ್ಲೋವ್ ರಷ್ಯದ ಅಣುಶಕ್ತಿ ಸಚಿವರಾದರು. ತಮ್ಮ ಕಾರ್ಖಾನೆಗಳನ್ನೂ ಅಲ್ಲಿನ ಕುಶಲ ಕೆಲಸಗಾರರನ್ನೂ ಉಳಿಸಿಕೊಳ್ಳಲು ಇದೊಂದು ದಾರಿ ಎಂದು ಅವರಿಗೆ ಮನವರಿಕೆಯಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಉಪಾಯವದು.

ನೆಫ್ ಯಾವ ಸರಕಾರದ ಪ್ರತಿನಿಧಿಯೂ ಆಗಿರಲಿಲ್ಲ. ಒಂದು ಪತ್ರಿಕಾ ಲೇಖನ, ಕೆಲವು ಭೇಟಿಗಳು, ಬಿಡದ ಬೆನ್ನುಹತ್ತುವಿಕೆ ಇಷ್ಟೇ ಅವರ ಬಂಡವಾಳ. ಯೋಜನೆ ತೊಡಕಿಗೆ ಸಿಕ್ಕಿದಾಗಲೆಲ್ಲ ಅವರು ಬಿಡಿಸಲು ನೆರವಾದರು. 2024ರಲ್ಲಿ ತೀರಿಕೊಂಡಾಗ ಅವರಿಗೆ 80 ವರ್ಷ. ಜಗತ್ತಿನ ಬಹುಪಾಲು ಜನರಿಗೆ ಅವರ ಹೆಸರೂ ತಿಳಿದಿರಲಿಲ್ಲ.

ಒಪ್ಪಂದದ ಒಳಗೊಂದು ಒಪ್ಪಂದ

1992ರ ಆಗಸ್ಟಿನಲ್ಲಿ ಅಧ್ಯಕ್ಷ ಬುಷ್ ಮೊದಲ ಸುತ್ತಿನ ಒಪ್ಪಿಗೆಯನ್ನು ಪ್ರಕಟಿಸಿದರು. 1993ರ ಫೆಬ್ರುವರಿ 18ರಂದು ಎರಡು ಸರಕಾರಗಳ ನಡುವೆ ಒಪ್ಪಂದಕ್ಕೆ ಸಹಿಯಾಯಿತು. ಆ ವೇಳೆಗೆ ಅಮೆರಿಕದಲ್ಲಿ ಬಿಲ್ ಕ್ಲಿಂಟನ್, ರಷ್ಯದಲ್ಲಿ ಬೋರಿಸ್ ಯೆಲ್ಸಿನ್ ಅಧ್ಯಕ್ಷರು. ವ್ಯಾಪಾರದ ಕರಾರು 1994ರ ಜನವರಿಯಲ್ಲಿ ಆಯಿತು. ಅಮೆರಿಕದ ಪರವಾಗಿ ಯು.ಎಸ್. ಎನ್‌ರಿಚ್‌ಮೆಂಟ್ ಕಾರ್ಪೊರೇಷನ್, ರಷ್ಯದ ಪರವಾಗಿ ತೆಖ್‌ಸ್ನಾಬ್‌ಎಕ್ಸ್‌ಪೋರ್ತ್ ಸಂಸ್ಥೆ ಕೆಲಸ ವಹಿಸಿಕೊಂಡವು. 20 ವರ್ಷಗಳಲ್ಲಿ 500 ಟನ್ ಎಂಬುದು ಗುರಿ.

ಅದೇ ಜನವರಿ 14ರಂದು ಮಾಸ್ಕೋದಲ್ಲಿ ಇನ್ನೊಂದು ಮುಖ್ಯ ಸಹಿಯಾಯಿತು. ಯುಕ್ರೇನ್ ಆಗ ಸಂಖ್ಯೆಯಲ್ಲಿ ಜಗತ್ತಿನ ಮೂರನೆಯ ದೊಡ್ಡ ಅಣ್ವಸ್ತ್ರ ಸಂಗ್ರಹವನ್ನು ತನ್ನ ನೆಲದಲ್ಲಿ ಇಟ್ಟುಕೊಂಡಿತ್ತು. ದೂರಗಾಮಿ ಸಿಡಿತಲೆಗಳೇ ಸುಮಾರು 1,900. ಅವನ್ನು ರಷ್ಯಕ್ಕೆ ಒಪ್ಪಿಸಲು ಅದು ಒಪ್ಪಿತು. ಬದಲಿಗೆ ಅದಕ್ಕೆ ಏನು ಸಿಗಬೇಕು? ಭದ್ರತೆಯ ಭರವಸೆಗಳ ಜೊತೆಗೆ, ತನ್ನ ವಿದ್ಯುತ್ ಸ್ಥಾವರಗಳಿಗೆ ಇಂಧನ. ಮೊದಲ ಹಂತದಲ್ಲಿ 100 ಟನ್ ತೆಳು ಯುರೇನಿಯಂನ ಇಂಧನ ಕೊಡಲು ರಷ್ಯ ಒಪ್ಪಿತು. ಅದಕ್ಕಾಗಿ ಅಮೆರಿಕ 6 ಕೋಟಿ ಡಾಲರನ್ನು ಮುಂಗಡವಾಗಿ ಕೊಟ್ಟಿತು. 1996ರ ಜೂನ್ ವೇಳೆಗೆ ಯುಕ್ರೇನಿನಲ್ಲಿ ಒಂದು ಸಿಡಿತಲೆಯೂ ಉಳಿಯಲಿಲ್ಲ. ಕಜಾಕ್‌ಸ್ತಾನ 1995ರಲ್ಲಿ, ಬೆಲಾರಸ್ 1996ರ ಕೊನೆಗೆ ಬರಿದಾದವು. ಅಣುವಿದ್ಯುತ್ತಿನ ಇಂಧನವು ಅಣ್ವಸ್ತ್ರ ತ್ಯಾಗದ ತಕ್ಕಡಿಯಲ್ಲಿ ತೂಗಿದ ಅಪರೂಪದ ಸಂದರ್ಭವಿದು.

ಬಾಂಬಿನಿಂದ ಬಲ್ಬಿನವರೆಗೆ

ಕೆಲಸ ನಡೆದದ್ದು ರಷ್ಯದ ಉರಲ್ ಪ್ರಾಂತ ಮತ್ತು ಸೈಬೀರಿಯದ ಕಾರ್ಖಾನೆಗಳಲ್ಲಿ. ಮೊದಲು ಸಿಡಿತಲೆಯನ್ನು ಬಿಚ್ಚಿ ಯುರೇನಿಯಂನ ಲೋಹದ ಭಾಗಗಳನ್ನು ಹೊರತೆಗೆಯುತ್ತಿದ್ದರು. ಅವನ್ನು ಮಯಾಕ್ ಮತ್ತು ಸೆವೆರ್ಸ್ಕ್‌ನ ಕಾರ್ಖಾನೆಗಳಿಗೆ ಕಳಿಸಿ, ಬಡಗಿ ಮರ ಹೆರೆದಂತೆ ಸಣ್ಣ ಚೂರುಗಳಾಗಿ ಹೆರೆಯುತ್ತಿದ್ದರು. ಕುಲುಮೆಯಲ್ಲಿ ಕಾಯಿಸಿದಾಗ ಚೂರುಗಳು ಆಕ್ಸೈಡಿನ ಪುಡಿಯಾಗುತ್ತಿದ್ದವು. ಪುಡಿಯನ್ನು ಶುದ್ಧಿಗೊಳಿಸಿ, ಫ್ಲೋರೀನಿನೊಂದಿಗೆ ಸೇರಿಸಿ ಹೆಕ್ಸಾಫ್ಲೋರೈಡ್ ಆಗಿ ಮಾಡಲಾಗುತ್ತಿತ್ತು. ಕೊನೆಗೆ ಬೆರಕೆಯ ಹಂತ. ನೊವೌರಾಲ್ಸ್ಕ್, ಝೆಲೆನೊಗೋರ್ಸ್ಕ್ ಮತ್ತು ಸೆವೆರ್ಸ್ಕ್‌ಗಳಲ್ಲಿ ಎರಡು ಕೊಳವೆಗಳಲ್ಲಿ ಬರುವ ಅನಿಲ ಕೂಡಿ ಒಂದೇ ಕೊಳವೆಯಲ್ಲಿ ಹೊರಗೆ ಹರಿಯುತ್ತಿತ್ತು. ಒಂದು ಕೊಳವೆಯಲ್ಲಿ ಶೇಕಡಾ 90ರ ಬಾಂಬು ಯುರೇನಿಯಂ. ಇನ್ನೊಂದರಲ್ಲಿ ಶೇಕಡಾ 1.5ರ ತೆಳು ಯುರೇನಿಯಂ.

ವಿದ್ಯಾರ್ಥಿಗಳು ಇದರ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 1 ಕಿಲೋ ಬಾಂಬು ಯುರೇನಿಯಂನಲ್ಲಿ 900 ಗ್ರಾಂ ಯುರೇನಿಯಂ-235 ಇರುತ್ತದೆ. ಇದಕ್ಕೆ ಶೇಕಡಾ 1.5ರ ಯುರೇನಿಯಂ 29 ಕಿಲೋ ಸೇರಿಸೋಣ. ಅದರಲ್ಲಿರುವ 235ರ ತೂಕ 435 ಗ್ರಾಂ. ಒಟ್ಟು 30 ಕಿಲೋದಲ್ಲಿ 1,335 ಗ್ರಾಂ ಆಯಿತು. ಅಂದರೆ ಶೇಕಡಾ 4.45. ರಿಯಾಕ್ಟರಿಗೆ ಹೇಳಿಮಾಡಿಸಿದ ಇಂಧನ!

ಗಣಿಯ ಯುರೇನಿಯಂ ಅಗ್ಗವಾಗಿ ಸಿಗುವಾಗ ಬೆರಸಲು ಶೇಕಡಾ 1.5ರದೇ ಏಕೆ ಬೇಕಾಯಿತು ಎಂಬ ಪ್ರಶ್ನೆ ಚುರುಕು ವಿದ್ಯಾರ್ಥಿಗೆ ಬಂದೇ ಬರುತ್ತದೆ. ಇದಕ್ಕೆ ಕಾರಣ ಯುರೇನಿಯಂ-234 ಎಂಬ ಮೂರನೆಯ ಐಸೋಟೋಪು. ಅದು 235ಕ್ಕಿಂತಲೂ ಹಗುರ. ಆದ್ದರಿಂದ ಪುಷ್ಟೀಕರಣ ಮಾಡುವಾಗ 235ರ ಜೊತೆ ಅದೂ ಏರಿ ಕುಳಿತಿರುತ್ತದೆ. ಅದರ ವಿಕಿರಣ ಹೆಚ್ಚು. ಇಂಧನ ತಯಾರಿಕೆಯ ನಿಯಮಗಳು ಅದಕ್ಕೆ ಮಿತಿ ಹಾಕಿವೆ. ಈ ಮಿತಿಯೊಳಗೆ ಬರಲು ಪುಷ್ಟೀಕರಣದ ಉಳಿಕೆಯಿಂದಲೇ ತಯಾರಿಸಿದ, 234 ಕಡಿಮೆಯಿರುವ ಬೆರಕೆ ಯುರೇನಿಯಂ ಅನ್ನು ರಷ್ಯನ್ನರು ಬಳಸಿದರು. ಬೆರಕೆಯಂಥ ಸುಲಭದ ಕೆಲಸದಲ್ಲಿಯೂ ಎಷ್ಟು ವಿಜ್ಞಾನ ಅಡಗಿದೆ ನೋಡಿ.

ಬೆರಕೆಯಾದ ಯುರೇನಿಯಂ ಅನ್ನು ಸಿಲಿಂಡರುಗಳಲ್ಲಿ ತುಂಬಿ ತಣಿಸಿದಾಗ ಅದು ಬಿಳಿಯ ಘನವಸ್ತುವಾಗುತ್ತಿತ್ತು. ರೈಲಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ, ಅಲ್ಲಿಂದ ಹಡಗಿನಲ್ಲಿ ಅಮೆರಿಕಕ್ಕೆ, ಮುಂದೆ ಇಂಧನದ ಸರಳುಗಳನ್ನು ತಯಾರಿಸುವ ಕಾರ್ಖಾನೆಗಳಿಗೆ ಅದರ ಪಯಣ. ಮೊದಲ ಕಂತು 1995ರಲ್ಲಿ ತಲುಪಿತು. ಆರಂಭದಲ್ಲಿ ನಿಧಾನವಾಗಿ ಸಾಗಿದ ಕೆಲಸ ಮುಂದೆ ವರ್ಷಕ್ಕೆ 30 ಟನ್ ಬಾಂಬು ಯುರೇನಿಯಂ ಕರಗಿಸುವ ವೇಗಕ್ಕೆ ಬಂತು. ಆ ವೇಗದಲ್ಲಿ ಪ್ರತಿದಿನ ಮೂರಕ್ಕೂ ಹೆಚ್ಚು ಬಾಂಬುಗಳಷ್ಟು ಯುರೇನಿಯಂ ತೆಳುವಾಗುತ್ತಿತ್ತು.

ನಂಬಿಕೆಗೆ ಅಳತೆಗೋಲು

ಅರ್ಧ ಶತಮಾನ ಶತ್ರುಗಳಾಗಿದ್ದವರು ಪರಸ್ಪರ ನಂಬುವುದು ಹೇಗೆ? ಬಂದ ಯುರೇನಿಯಂ ನಿಜವಾಗಿ ಬಾಂಬಿನದೇ ಎಂದು ಅಮೆರಿಕಕ್ಕೆ ಖಾತ್ರಿ ಬೇಕಿತ್ತು. ಗಣಿಯ ಯುರೇನಿಯಂ ಅನ್ನೇ ಸಂಸ್ಕರಿಸಿ ಕೊಟ್ಟು ಬಾಂಬುಗಳನ್ನು ಹಾಗೆಯೇ ಇಟ್ಟುಕೊಂಡರೆ? ಇತ್ತ ರಷ್ಯಕ್ಕೂ ಶಂಕೆಯಿತ್ತು. ತಾನು ಕೊಟ್ಟದ್ದನ್ನು ಅಮೆರಿಕ ಮತ್ತೆ ಅಸ್ತ್ರಕ್ಕೆ ಬಳಸಿಕೊಂಡರೆ?

ಇದಕ್ಕೆ ಎರಡೂ ಕಡೆಯ ತಪಾಸಣೆಯೇ ಪರಿಹಾರವಾಯಿತು. ಅಮೆರಿಕದ ತಜ್ಞರು ವರ್ಷದಲ್ಲಿ ಹಲವು ಬಾರಿ ರಷ್ಯದ ಆ ಮುಚ್ಚಿದ ಊರುಗಳಿಗೆ ಹೋದರು. ರಷ್ಯದ ತಜ್ಞರು ಅಮೆರಿಕದ ಕಾರ್ಖಾನೆಗಳಿಗೆ ಬಂದರು. ಬಾಂಬಿನ ವಿನ್ಯಾಸ ಗುಟ್ಟಾದ್ದರಿಂದ ಸಿಡಿತಲೆ ಬಿಚ್ಚುವುದನ್ನು ಅಮೆರಿಕದವರಿಗೆ ತೋರಿಸುತ್ತಿರಲಿಲ್ಲ. ಆದರೆ ಡಬ್ಬಿಯಲ್ಲಿ ಬಂದ ಲೋಹದ ಭಾಗಗಳಿಂದ ಮುಂದಿನ ಹಂತಗಳನ್ನು ಅವರು ಪರೀಕ್ಷಿಸಬಹುದಿತ್ತು. ಯುರೇನಿಯಂ-235 ತನ್ನದೇ ಆದ ಗಾಮಾ ಕಿರಣವನ್ನು ಸೂಸುತ್ತದೆ. ಡಬ್ಬಿಯನ್ನು ತೆರೆಯದೆಯೇ ಆ ಕಿರಣವನ್ನು ಅಳೆದು ಒಳಗಿನ ಯುರೇನಿಯಂ ಬಾಂಬು ದರ್ಜೆಯದು ಹೌದೇ ಎಂದು ಹೇಳಬಹುದು.

ಬೆರಕೆಯ ಕೊಳವೆಗಳ ಮೇಲೂ ಉಪಕರಣ ಕೂರಿಸಲಾಯಿತು. ಕ್ಯಾಲಿಫೋರ್ನಿಯಂ-252 ಎಂಬ ಧಾತು ತಾನಾಗಿಯೇ ನ್ಯೂಟ್ರಾನುಗಳನ್ನು ಚಿಮ್ಮಿಸುತ್ತದೆ. ಹರಿಯುವ ಅನಿಲದ ಮೇಲೆ ಅವು ಬಿದ್ದಾಗ ಕೆಲವು ಯುರೇನಿಯಂ-235 ಪರಮಾಣುಗಳು ಒಡೆಯುತ್ತವೆ. ಒಡೆದ ಚೂರುಗಳು ಅನಿಲದೊಡನೆ ಮುಂದೆ ಸಾಗುತ್ತ ಗಾಮಾ ಕಿರಣ ಹೊರಸೂಸುತ್ತವೆ. ಸ್ವಲ್ಪ ದೂರದಲ್ಲಿರುವ ಶೋಧಕ ಅದನ್ನು ಎಣಿಸಿ, ಎಷ್ಟು ಯುರೇನಿಯಂ-235 ಹರಿದುಹೋಯಿತೆಂದು ಹಗಲಿರುಳೂ ದಾಖಲಿಸುತ್ತದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಬರುವ ವಿದಳನ ಕ್ರಿಯೆಯೇ ಇಲ್ಲಿ ಎರಡು ಮಹಾಶಕ್ತಿಗಳ ನಡುವೆ ಸಾಕ್ಷಿದಾರನಾಯಿತು.

ಅಡ್ಡಿ ಬಂದದ್ದು ಹಣದ ರೂಪದಲ್ಲಿ

ಯೋಜನೆ ಹೂವಿನ ಹಾದಿಯಲ್ಲಿ ನಡೆಯಲಿಲ್ಲ. ಸೋವಿಯತ್ ಯುರೇನಿಯಂ ಅಗ್ಗವಾಗಿ ಬಂದು ತಮ್ಮ ಬದುಕು ಕೆಡಿಸುತ್ತಿದೆ ಎಂದು ಅಮೆರಿಕದ ಗಣಿಗಳು 1991ರಲ್ಲಿಯೇ ದೂರು ಕೊಟ್ಟಿದ್ದವು. ಅದರ ಫಲವಾಗಿ ಆಮದಿಗೆ ಮಿತಿ ಬಿತ್ತು. ಕರಾರಿನ ಲೆಕ್ಕದಲ್ಲಿ ಅಮೆರಿಕದ ಸಂಸ್ಥೆ ಪುಷ್ಟೀಕರಣದ ಶ್ರಮಕ್ಕೆ ಮಾತ್ರ ಹಣ ಕೊಟ್ಟು, ಸರಕಿನಲ್ಲಿ ಅಡಗಿರುವ ಮೂಲ ಯುರೇನಿಯಂಗೆ ಸಮನಾದಷ್ಟನ್ನು ರಷ್ಯದ ಖಾತೆಗೆ ಜಮಾ ಮಾಡುವ ಪದ್ಧತಿ ಬಂತು. ಆಮದಿನ ಮಿತಿಯಿಂದಾಗಿ ಅದನ್ನು ರಷ್ಯ ಅಲ್ಲಿ ಮಾರಲಾಗದು. 1998ರಲ್ಲಿ ಅಮೆರಿಕದ ಸಂಸ್ಥೆ ಖಾಸಗಿಯವರ ಕೈಗೆ ಹೋದಾಗ ತೊಡಕು ಹೆಚ್ಚಿತು. ರಷ್ಯ ಸರಕು ಕಳಿಸುವುದನ್ನು ನಿಲ್ಲಿಸಿತು. ಕೊನೆಗೆ ಅಮೆರಿಕ ಸರಕಾರವೇ 32.5 ಕೋಟಿ ಡಾಲರ್ ಕೊಟ್ಟು ಹಿಂದಿನ ಬಾಕಿ ಸರಕನ್ನು ಕೊಂಡಿತು. ಮುಂದಿನದನ್ನು ಮಾರಲು ಕೆನಡ, ಫ್ರಾನ್ಸ್, ಜರ್ಮನಿಯ ಕಂಪನಿಗಳು ಕೈಜೋಡಿಸಿದವು. 1999ರ ಮಾರ್ಚಿನಲ್ಲಿ ಗಾಡಿ ಮತ್ತೆ ಹಳಿಗೆ ಬಂತು.

ಇಷ್ಟಾದರೂ ಎಂಥ ರಾಜಕೀಯ ಬಿರುಗಾಳಿಯಲ್ಲಿಯೂ ಎರಡೂ ಕಡೆಯವರು ಒಪ್ಪಂದವನ್ನು ಮುರಿಯಲಿಲ್ಲ. ಎರಡು ದಶಕದಲ್ಲಿ ರಷ್ಯಕ್ಕೆ ಸುಮಾರು 1,700 ಕೋಟಿ ಡಾಲರ್ ಸಂದಿತು. ಅಮೆರಿಕಕ್ಕೆ 14 ಸಾವಿರ ಟನ್ನಿಗೂ ಹೆಚ್ಚು ಇಂಧನ ಸಿಕ್ಕಿತು. ಆ ಅವಧಿಯಲ್ಲಿ ಅಮೆರಿಕದ ಅಣುವಿದ್ಯುತ್ತಿನ ಅರ್ಧದಷ್ಟು, ಒಟ್ಟು ವಿದ್ಯುತ್ತಿನ ಸುಮಾರು ಹತ್ತನೆಯ ಒಂದು ಪಾಲು ರಷ್ಯದ ಬಾಂಬುಗಳಿಂದ ಬಂದದ್ದು. ಅಲ್ಲಿನ ಮಕ್ಕಳು ರಾತ್ರಿ ಓದುವಾಗ ಉರಿಯುತ್ತಿದ್ದ ಹತ್ತು ಬಲ್ಬುಗಳಲ್ಲಿ ಒಂದನ್ನು ಬೆಳಗಿದ್ದು ಅವರ ಮೇಲೆ ಬೀಳಬೇಕಿದ್ದ ಬಾಂಬು!

ನಮ್ಮ ದೇಶದ ಪಾಠ

ಅಣುಶಕ್ತಿಯ ಸಹಕಾರ ಭಾರತಕ್ಕೆ ಹೊಸತಲ್ಲ, ಅದರ ಕಹಿಯೂ ಹೊಸತಲ್ಲ. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 'ಶಾಂತಿಗಾಗಿ ಅಣು' ಎಂದು ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದರು. 1955ರಲ್ಲಿ ಜಿನೀವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ನಮ್ಮ ಹೋಮಿ ಭಾಭಾ ಅಧ್ಯಕ್ಷರು. 1957ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹುಟ್ಟಿತು. ಕೆನಡ ನಮಗೆ ಸೈರಸ್ ಎಂಬ ಸಂಶೋಧನಾ ರಿಯಾಕ್ಟರನ್ನು, ಅಮೆರಿಕ ಅದಕ್ಕೆ ಭಾರಜಲವನ್ನು ಕೊಟ್ಟವು. ಅಮೆರಿಕದ ಕಂಪನಿ ಕಟ್ಟಿಕೊಟ್ಟ ತಾರಾಪುರ ಸ್ಥಾವರ 1969ರಲ್ಲಿ ವಿದ್ಯುತ್ ಕೊಡಲಾರಂಭಿಸಿತು.

1974ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಭಾರತ ಅಣುಸ್ಫೋಟ ನಡೆಸಿತು. ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರು ಆ ತಂಡದ ಮುಂದಾಳು. ಅದಕ್ಕೆ ಬಳಸಿದ ಪ್ಲುಟೋನಿಯಂ ಸೈರಸ್‌ನಲ್ಲಿ ತಯಾರಾದದ್ದು. ಶಾಂತಿಯ ಉದ್ದೇಶದ ಸ್ಫೋಟವೆಂದು ಭಾರತ ಹೇಳಿತು. ಕೊಟ್ಟವರು ಒಪ್ಪಲಿಲ್ಲ. ಅಣು ಸಾಮಗ್ರಿ ಮಾರುವ ದೇಶಗಳು ಒಂದು ಕೂಟ ಕಟ್ಟಿಕೊಂಡು ನಿರ್ಬಂಧ ಬಿಗಿಗೊಳಿಸಿದವು. ತಾರಾಪುರಕ್ಕೆ ಬೇಕಾದ ಪುಷ್ಟೀಕರಿಸಿದ ಇಂಧನವನ್ನು ಅಮೆರಿಕ ನಿಲ್ಲಿಸಿದಾಗ ಫ್ರಾನ್ಸ್, ಮುಂದೆ ಚೀನಾ, ಆಮೇಲೆ ರಷ್ಯ ಒದಗಿಸಬೇಕಾಯಿತು. 1967ಕ್ಕೆ ಮೊದಲು ಬಾಂಬು ಸ್ಫೋಟಿಸಿದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಎನ್ನುವ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2008ರಲ್ಲಿ ಆ ಕೂಟವೇ ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ, ತಪಾಸಣೆಗೆ ಒಪ್ಪಿಸಿದ ಸ್ಥಾವರಗಳಿಗೆ ಹೊರಗಿನ ಯುರೇನಿಯಂ ಬರತೊಡಗಿತು.

ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಉರಿಯುವುದು ಶೇಕಡಾ 0.7ರ ಸಹಜ ಯುರೇನಿಯಂ. ಅಲ್ಲಿ ಭಾರಜಲ ಬಳಸುವುದರಿಂದ ಪುಷ್ಟೀಕರಣದ ಅಗತ್ಯವಿಲ್ಲ. ಆದರೂ 2008ರ ಸುಮಾರಿಗೆ ದೇಶದಲ್ಲಿ ಯುರೇನಿಯಂ ಅಭಾವವಿದ್ದಾಗ ಕೈಗಾದ ನಾಲ್ಕನೆಯ ಘಟಕ ಇಂಧನಕ್ಕಾಗಿ ಕಾಯಬೇಕಾಯಿತು. ಬೇರೆ ಸ್ಥಾವರಗಳಿಗೆ ಹೊರಗಿನ ಇಂಧನ ಬಂದದ್ದರಿಂದ ದೇಶದ ಯುರೇನಿಯಂ ಮೇಲಿನ ಒತ್ತಡ ತಗ್ಗಿತು. ಕರ್ನಾಟಕಕ್ಕೂ ವಿದ್ಯುತ್ತಿನ ಪಾಲು ಕೊಡುವ ತಮಿಳುನಾಡಿನ ಕೂಡಂಕುಳಂ ಸ್ಥಾವರಕ್ಕೆ ಪುಷ್ಟೀಕರಿಸಿದ ಇಂಧನ ರಷ್ಯದಿಂದಲೇ ಬರುತ್ತದೆ.

ಇಂಧನಕ್ಕೊಂದು ಬ್ಯಾಂಕು

ಇಂಧನ ನಿಲ್ಲಿಸಿಬಿಟ್ಟರೆ ಎಂಬ ಹೆದರಿಕೆ ಅನೇಕ ದೇಶಗಳಿಗಿದೆ. ಆ ಹೆದರಿಕೆಯಿಂದ ಪ್ರತಿಯೊಂದು ದೇಶವೂ ತನ್ನದೇ ಪುಷ್ಟೀಕರಣ ಕಾರ್ಖಾನೆ ಕಟ್ಟಿಕೊಂಡರೆ, ಶೇಕಡಾ 4ಕ್ಕೆ ಏರಿಸಿದ ಯಂತ್ರಗಳೇ ಶೇಕಡಾ 90ಕ್ಕೂ ಏರಿಸಬಲ್ಲವು. ಶೇಕಡಾ 0.7ರಿಂದ ನಾಲ್ಕಕ್ಕೆ ಏರುವುದರಲ್ಲಿಯೇ ಶ್ರಮದ ಹೆಚ್ಚಿನ ಪಾಲು ಮುಗಿದಿರುತ್ತದೆ ಎಂಬುದು ಪುಷ್ಟೀಕರಣದ ಒಂದು ವಿಚಿತ್ರ. ಇದಕ್ಕೆ ಪರಿಹಾರವಾಗಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಂದು ಇಂಧನ ಬ್ಯಾಂಕನ್ನು ತೆರೆದಿದೆ. ಕಜಾಕ್‌ಸ್ತಾನದ ಓಸ್ಕೆಮೆನ್ ನಗರದ ಉಲ್ಬಾ ಕಾರ್ಖಾನೆಯಲ್ಲಿ 2017ರಲ್ಲಿ ಅದರ ಉದ್ಘಾಟನೆಯಾಯಿತು. 2019ರಲ್ಲಿ ಅಲ್ಲಿ 90 ಟನ್ ತೆಳು ಯುರೇನಿಯಂ ತುಂಬಿಡಲಾಯಿತು. ಬೇರೆಲ್ಲೂ ಇಂಧನ ಸಿಗದಾದ ಸದಸ್ಯ ದೇಶ ನಿಯಮ ಪಾಲಿಸಿದ್ದರೆ ಹಣ ಕೊಟ್ಟು ಅಲ್ಲಿಂದ ಪಡೆಯಬಹುದು. ಇದಕ್ಕೆ ತಗಲಿದ 15 ಕೋಟಿ ಡಾಲರಿನಲ್ಲಿ 5 ಕೋಟಿಯನ್ನು ಕೊಡುವುದಾಗಿ ಮುಂದೆ ಬಂದವರು ಅಮೆರಿಕದ ಉದ್ಯಮಿ ವಾರೆನ್ ಬಫೆಟ್.

ಆ ಉಲ್ಬಾ ಕಾರ್ಖಾನೆಗೆ ಒಂದು ಪೂರ್ವಕಥೆಯಿದೆ. 1994ರಲ್ಲಿ ಅಲ್ಲಿಯೇ ಸುಮಾರು 600 ಕಿಲೋ ಬಾಂಬು ದರ್ಜೆಯ ಯುರೇನಿಯಂ ಸರಿಯಾದ ಭದ್ರತೆಯಿಲ್ಲದೆ ಬಿದ್ದಿತ್ತು. ಅಮೆರಿಕ ಅದನ್ನು ಗುಟ್ಟಾಗಿ ವಿಮಾನದಲ್ಲಿ ಸಾಗಿಸಿತು. ಅಪಾಯದ ಉಗ್ರಾಣವಾಗಿದ್ದ ಜಾಗ ಈಗ ಆಪತ್ಕಾಲದ ಕಣಜ.

ಆದದ್ದು, ಆಗದೇ ಉಳಿದದ್ದು

ಇದೇ ಹಾದಿಯಲ್ಲಿ ಪ್ಲುಟೋನಿಯಂ ಅನ್ನೂ ಇಲ್ಲವಾಗಿಸಲು ಅಮೆರಿಕ ಮತ್ತು ರಷ್ಯ 2000ದಲ್ಲಿ ಒಪ್ಪಿದವು. ತಲಾ 34 ಟನ್ ಎಂದು ಮಾತಾಗಿತ್ತು. ಪ್ಲುಟೋನಿಯಂ ಬೆರಕೆಗೆ ಸುಲಭವಾಗಿ ಬಗ್ಗದು, ವೆಚ್ಚ ಬೆಟ್ಟದಷ್ಟಾಯಿತು, ಸ್ನೇಹವೂ ಹಳಸಿತು. 2016ರಲ್ಲಿ ರಷ್ಯ ಆ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. 2014ರಲ್ಲಿ ಕ್ರೈಮಿಯ ರಷ್ಯದ ವಶವಾಯಿತು. 2022ರ ಫೆಬ್ರುವರಿಯಲ್ಲಿ ರಷ್ಯದ ಸೇನೆ ಯುಕ್ರೇನಿಗೆ ನುಗ್ಗಿತು. ಸಿಡಿತಲೆಗಳನ್ನು ಒಪ್ಪಿಸಿ ಭರವಸೆ ಪಡೆದಿದ್ದ ದೇಶಕ್ಕೆ ಆ ಭರವಸೆ ರಕ್ಷಣೆ ಕೊಡಲಿಲ್ಲ. ಅಣ್ವಸ್ತ್ರ ಬಿಟ್ಟುಕೊಡೆಂದು ನಾಳೆ ಯಾವುದಾದರೂ ದೇಶವನ್ನು ಕೇಳುವಾಗ ಈ ಮಾತು ಎದುರಿಗೆ ಬಂದೇ ಬರುತ್ತದೆ. 2024ರಲ್ಲಿ ಅಮೆರಿಕ ರಷ್ಯದ ಯುರೇನಿಯಂ ಆಮದನ್ನು ನಿಷೇಧಿಸುವ ಕಾನೂನು ಮಾಡಿತು. ಜಗತ್ತಿನಲ್ಲಿ ಇನ್ನೂ ಸುಮಾರು 12 ಸಾವಿರ ಅಣ್ವಸ್ತ್ರಗಳಿವೆ.

ಹಾಗಾದರೆ ಇಪ್ಪತ್ತು ವರ್ಷದ ಆ ಕೆಲಸ ನೀರಿನಲ್ಲಿಟ್ಟ ಹೋಮವಾಯಿತೇ? ಇಲ್ಲ. ಸ್ನೇಹ ಕೆಡಬಹುದು, ಕಾಗದದ ಒಪ್ಪಂದ ಹರಿಯಬಹುದು. ಆದರೆ ರಿಯಾಕ್ಟರಿನಲ್ಲಿ ಒಡೆದುಹೋದ ಪರಮಾಣುವನ್ನು ಯಾವ ಸೇನಾಪತಿಯೂ ಮತ್ತೆ ಕೂಡಿಸಲಾರ. ಆ 500 ಟನ್ನನ್ನು ಇನ್ನು ಯಾವ ಕಳ್ಳನೂ ಕದಿಯಲಾರ, ಯಾವ ಕ್ಷಿಪಣಿಯೂ ಹೊರಲಾರದು. ಅದು ಎಂದೋ ವಿದ್ಯುತ್ತಾಗಿ ಹರಿದು ಯಾರದೋ ಮನೆಯ ಅಡುಗೆಗೆ, ಯಾವುದೋ ಆಸ್ಪತ್ರೆಯ ದೀಪಕ್ಕೆ, ಯಾವುದೋ ಮಗುವಿನ ಓದಿಗೆ ಸಂದುಹೋಗಿದೆ. ಉಳಿದದ್ದರ ಲೆಕ್ಕ ಮುಂದಿನ ತಲೆಮಾರಿನ ಪಾಲಿಗಿದೆ. ಅದನ್ನು ಬಿಡಿಸುವವರಿಗೆ ಭೌತವಿಜ್ಞಾನವೂ ಗೊತ್ತಿರಬೇಕು, ಎದುರಾಳಿಯೊಡನೆ ಕುಳಿತು ಮಾತನಾಡುವ ತಾಳ್ಮೆಯೂ ಇರಬೇಕು.